ಕೋಟೆ ಸೂರೆಹೋದ ಮೇಲಿನ ದಿಡ್ಡಿ ಬಾಗಿಲು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮಲ್ಲೊಂದು ಗಾದೆಯಿದೆ. ತಡವಾಗಿ ಎಚ್ಚೆತ್ತವರನ್ನು ಹಂಗಿಸಲು ಅದನ್ನು ಬಳಸುತ್ತೇವೆ. ದಿಡ್ಡಿ ಬಾಗಿಲೆಂದರೆ ಕೋಟೆಯ ಹೆಬ್ಬಾಗಿಲಲ್ಲ. ಅದರ ಮಗ್ಗುಲಲ್ಲೋ ಹಿಂಬದಿಯಲ್ಲೋ ಒಬ್ಬೊಬ್ಬರಾಗಿ ನುಸುಳಿಹೋಗಲೆಂದು ಇಟ್ಟ ಚಿಕ್ಕ ಬಾಗಿಲು. ಗಾದೆ ಕಟ್ಟಿದವರು ನಗುವುದಕ್ಕೆಂದು ಕಟ್ಟಿದರು, ನಾವೂ ನಗುತ್ತಲೇ ಬಂದಿದ್ದೇವೆ. ಈಚೆಗೆ ಮಾತ್ರ ನಮಗೆ ಆ ನಗು ಬರುತ್ತಿಲ್ಲ. ಸೂರೆಹೋದ ಮೇಲಾದರೂ ಬಾಗಿಲು ಹಾಕಬೇಕೋ ಬೇಡವೋ? ಹಾಕುವುದಾದರೆ ಯಾರ ಖರ್ಚಿನಲ್ಲಿ? ಇನ್ನು ಮುಂದೆ ಕಟ್ಟುವ ಕೋಟೆಗಳಿಗೆ ಮಾತ್ರ ಬಾಗಿಲು ಇರತಕ್ಕದ್ದು, ಈಗಾಗಲೇ ಇರುವ ಕೋಟೆಗಳು ಹೇಗಿವೆಯೋ ಹಾಗೆಯೇ ಇರಲಿ ಎಂದು ಅರಸನ ಆಜ್ಞೆ ಹೊರಟರೆ, ಹಳೆಯ ಕೋಟೆಯೊಳಗೆ ಮಲಗಿರುವವರಿಗೆ ಏನು ಹೇಳಬೇಕು?

ಪ್ರಶ್ನೆ ಎದ್ದದ್ದು ಕೋಟೆಯಿಂದಲ್ಲ, ಬಸ್ಸಿನಿಂದ.

ನಾವು 1978ರಲ್ಲಿ ನೌಕರಿಯ ನಿಮಿತ್ತ ಹೈದರಾಬಾದಿಗೆ ಬಂದಾಗ ಬೆಂಗಳೂರಿಗೆ ಹೋಗಬೇಕೆಂದರೆ ಕಾಚಿಗುಡದಲ್ಲಿ ರೈಲು ಹಿಡಿಯುತ್ತಿದ್ದೆವು. ಟ್ರಂಕು, ಹಾಸಿಗೆಯ ಸುರುಳಿ, ಬುತ್ತಿಗಂಟು, ಒಂದು ಕೂಜ ನೀರು. ಈಗಿನವರಿಗೆ ಅಷ್ಟು ವ್ಯವಧಾನವಿಲ್ಲ. ರಾತ್ರಿ ಊಟ ಮುಗಿಸಿ ಲಕಡಿಕಾಪೂಲಿನಲ್ಲೋ ಮಿಯಾಪುರದಲ್ಲೋ ಬಸ್ಸು ಹತ್ತಿ, ಪರದೆ ಎಳೆದು ಮಲಗಿದರೆ ಬೆಳಗಿನ ಕಾಫಿಗೆ ಬೆಂಗಳೂರು. ತವರಿನ ಸೀಮಂತ, ಅಣ್ಣನ ಮಗನ ಉಪನಯನ, ತಾಯಿಯ ವರ್ಷಾಂತಿಕ ಎಲ್ಲಕ್ಕೂ ಈ ರಾತ್ರಿ ಬಸ್ಸೇ ದಿಕ್ಕು. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಊರೆಂಬುದು ಒಂದು ರಾತ್ರಿಯಷ್ಟು ದೂರ. ಆ ರಾತ್ರಿಯನ್ನು ನಾವು ಕಣ್ಣು ಮುಚ್ಚಿ ಕಳೆಯುತ್ತೇವೆ. ಯಾರದೋ ಕೈಗೆ ನಮ್ಮ ಜೀವ ಕೊಟ್ಟು ಮಲಗುತ್ತೇವೆ.

2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸೊಂದು ಆಗಿನ ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ರಸ್ತೆಯ ಮೋರಿಯ ಕಟ್ಟೆಗೆ ಬಡಿಯಿತು. ಡೀಸೆಲ್ ಟ್ಯಾಂಕು ಒಡೆದು ಬೆಂಕಿ ಹತ್ತಿ 45 ಜನ ಸುಟ್ಟುಹೋದರು. ದೀಪಾವಳಿಗೆ ಇನ್ನು ಮೂರು ನಾಲ್ಕು ದಿನವಿತ್ತು. ಹದಿನೈದು ದಿನ ಕಳೆಯುವುದರೊಳಗೆ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಇನ್ನೊಂದು ಬಸ್ಸು ಹಾವೇರಿ ಜಿಲ್ಲೆಯಲ್ಲಿ ಅದೇ ರೀತಿ ಹೊತ್ತಿಕೊಂಡಿತು. 7 ಜನ ಹೋದರು. ಆಮೇಲೆ 2025ರ ಅಕ್ಟೋಬರ್ 24. ಅದೇ ಹೆದ್ದಾರಿ, ದಿಕ್ಕು ಮಾತ್ರ ಬೇರೆ. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುತ್ತಿದ್ದ ಮಲಗುವ ಬಸ್ಸು ಕರ್ನೂಲಿನ ಹತ್ತಿರ ಒಂದು ಮೋಟಾರ್ ಸೈಕಲ್ಲಿನ ಮೇಲೆ ಹರಿದು, ಅದನ್ನು ಎಳೆದುಕೊಂಡೇ ಹೋಗಿ, ಬೆಂಕಿಗೆ ಆಹುತಿಯಾಯಿತು. 19 ಪ್ರಯಾಣಿಕರು ಸತ್ತರು. ಕಿಟಕಿಯ ಗಾಜು ಒಡೆದು ಹಾರಿದವರು ಉಳಿದರು. ಅಂದು ಹಬ್ಬಕ್ಕೆ ಹೊರಟಿದ್ದರು. ಇಂದು ಹಬ್ಬ ಮುಗಿಸಿ ಹಿಂತಿರುಗುವ ವಾರ. ನಡುವೆ ಹನ್ನೆರಡು ವರ್ಷ.

ಈ ಮೂರು ಘಟನೆಗಳನ್ನು ನಾವು ಇಲ್ಲಿ ಹೇಳುತ್ತಿರುವುದು ಓದುಗರನ್ನು ಹೆದರಿಸಲಿಕ್ಕಲ್ಲ. ಮುಂದಿನದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಕರ್ನೂಲಿನ ಸುದ್ದಿ ಬಂದು ಮೂರು ವಾರವೂ ಆಗಿರಲಿಲ್ಲ, ಬೆಂಗಳೂರಿನಲ್ಲಿ ನಾದಿನಿಯ ಮೊಮ್ಮಗಳ ನಾಮಕರಣಕ್ಕೆಂದು ನಾವು ಗಂಡ ಹೆಂಡತಿ ಇಬ್ಬರೂ ರಾತ್ರಿ ಬಸ್ಸು ಹತ್ತಿದೆವು. ಜಾಗ ಸಿಕ್ಕಿದ್ದು ಕೊನೆಯಲ್ಲಿ. ಹಿಂದುಗಡೆ ತುರ್ತು ಬಾಗಿಲು ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅದರ ಮುಂದೆ ಯಾವುದೋ ಸರಕಿನ ಆರು ಮೂಟೆ, ಮೂಟೆಯ ಮೇಲೆ ಕ್ಲೀನರ್ ಹುಡುಗನ ಹಾಸಿಗೆ. ಬಾಗಿಲಿನ ಹಿಡಿಗೆ ತಂತಿ ಸುತ್ತಿತ್ತು. ಗಾಜು ಒಡೆಯುವ ಸುತ್ತಿಗೆ ಇರಬೇಕಾದ ಗೂಡಿನಲ್ಲಿ ಅರ್ಧ ಸೇದಿದ ಬೀಡಿಗಳ ಕಟ್ಟು.

"ರೀ, ಆ ಬಾಗಿಲು ನೋಡಿದ್ರಾ?" ಎಂದರು ನಮ್ಮ ಮನೆಯವರು.

"ನೋಡಿದೆ. ಸುಮ್ಮನಿರೇ, ಹೊರಡೋ ಹೊತ್ತಿಗೆ ಜಗಳ ಬೇಡ" ಎಂದೆವು ನಾವು.

ಜಗಳವಾಡಿದ್ದರೆ ಏನಾಗುತ್ತಿತ್ತು? ಮೂಟೆ ಇಳಿಸುತ್ತಿರಲಿಲ್ಲ. ನಮ್ಮನ್ನು ಇಳಿಸುತ್ತಿದ್ದರು. ನಾಮಕರಣ ತಪ್ಪುತ್ತಿತ್ತು, ಟಿಕೀಟಿನ ಹಣ ಹೋಗುತ್ತಿತ್ತು, ಉಳಿದ ಪ್ರಯಾಣಿಕರು ಈ ಮುದುಕನಿಗೇನು ಬಂತು ಎಂದು ಗೊಣಗುತ್ತಿದ್ದರು. ಇವೆಲ್ಲ ನಿಜವಾದ ಕಾರಣಗಳೇ. ಆ ಬಸ್ಸಿನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು, ಕೈಗೂಸುಗಳಿದ್ದವು. ಆ ತಂತಿಯನ್ನು ನಾವು ನೋಡಿದ್ದೆವು, ಅವರು ನೋಡಿರಲಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕ್ಷೇಮವಾಗಿ ಇಳಿದೆವು. ಕ್ಷೇಮವಾಗಿ ಇಳಿದವನಿಗೆ ತನ್ನ ಮೌನ ತಪ್ಪಲ್ಲವೆಂದು ತೋರುವುದು ಎಷ್ಟು ಸುಲಭ! ಆದರೆ ನಾವು ಇಳಿದದ್ದು ಅದೃಷ್ಟದಿಂದ, ಮೌನದ ಬಲದಿಂದಲ್ಲ.

ಊರಿನಿಂದ ಬಂದ ಮೇಲೆ, ನಿವೃತ್ತರಿಗೆ ಇರುವ ಬಿಡುವಿನಲ್ಲಿ, ಹಳೆಯ ಪುಸ್ತಕಗಳನ್ನು ತಿರುವಿದೆವು. ವಾಹನದ ಅಪಘಾತಕ್ಕೆ ಯಾರು ಹೊಣೆ ಎಂಬ ವಿಚಾರ ಮೋಟಾರಿನೊಂದಿಗೆ ಹುಟ್ಟಿದ್ದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯ ಅಪಘಾತಗಳ ಬಗ್ಗೆ ಕೆಲವು ಶ್ಲೋಕಗಳಿವೆ. ಆ ಗ್ರಂಥದ ಎಷ್ಟೋ ಮಾತುಗಳನ್ನು ನಾವು ಒಪ್ಪುವವರಲ್ಲ. ಆದರೆ ಇಲ್ಲಿಯ ಲೆಕ್ಕಾಚಾರ ಕುತೂಹಲಕರ. ಹತ್ತು ಸಂದರ್ಭಗಳಲ್ಲಿ ಬಂಡಿಯವನಿಗೂ ಒಡೆಯನಿಗೂ ದಂಡವಿಲ್ಲ: ಎತ್ತಿನ ಮೂಗುದಾರ ಕಿತ್ತರೆ, ನೊಗ ಮುರಿದರೆ, ಅಚ್ಚು ಮುರಿದರೆ, ಗಾಲಿ ಮುರಿದರೆ, ಹಗ್ಗ ಹರಿದರೆ, ಸರಿಯಿರಿ ಸರಿಯಿರಿ ಎಂದು ಕೂಗಿದ ಮೇಲೂ ಯಾರಾದರೂ ಅಡ್ಡ ಬಂದರೆ, ಹೀಗೆ. ಅಂದರೆ ವಾಹನದ ದೋಷ ಯಾರ ದೋಷವೂ ಅಲ್ಲ. ಮಳೆ ಸಿಡಿಲಿನಂತೆ ಅದೊಂದು ಆಗುಹೋಗು. ಆದರೆ ಚಾಲಕ ಪಳಗಿದವನಲ್ಲದೆ ಬಂಡಿ ದಾರಿ ತಪ್ಪಿ ಯಾರಿಗಾದರೂ ಏಟು ಬಿದ್ದರೆ ಒಡೆಯನಿಗೆ ದಂಡ. ಅಷ್ಟೇ ಅಲ್ಲ, ಹಾಗೆ ಪಳಗದವನು ಹೊಡೆಯುವ ಬಂಡಿಯಲ್ಲಿ ಕುಳಿತವರೆಲ್ಲರಿಗೂ ತಲೆಗೆ ನೂರು ಪಣ ದಂಡ!

ಇದನ್ನು ಓದಿದಾಗ ನಮಗೆ ಆ ತಂತಿ ನೆನಪಾಯಿತು. ಕುಳಿತವರಿಗೂ ದಂಡವೇಕೆ? ಗೊತ್ತಿದ್ದೂ ಹತ್ತಿದ್ದಕ್ಕೆ. ಪ್ರಯಾಣಿಕನೆಂದರೆ ಬರಿಯ ಸರಕಲ್ಲ, ಅವನಿಗೂ ಕಣ್ಣಿದೆ, ಬಾಯಿದೆ ಎಂದು ಆ ಶಾಸ್ತ್ರಕಾರನ ಎಣಿಕೆ. ಈಗಿನ ಕಾನೂನು ನಮ್ಮನ್ನು ಅಷ್ಟು ದೊಡ್ಡವರನ್ನಾಗಿ ಕಾಣುವುದಿಲ್ಲ, ಅದು ನ್ಯಾಯವೇ. ಬಸ್ಸಿನ ಟ್ಯಾಂಕು ಎಲ್ಲಿದೆ, ಆಸನದ ಸ್ಪಂಜು ಉರಿದರೆ ಎಂಥ ಹೊಗೆ ಬರುತ್ತದೆ ಎಂಬುದನ್ನು ಟಿಕೀಟು ಕೊಂಡವನು ಹೇಗೆ ಬಲ್ಲ? ಆದರೂ ಮೂಟೆ ಮತ್ತು ತಂತಿಯನ್ನು ಕಾಣಲು ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಮನುವಿನ ಪಟ್ಟಿಯಲ್ಲಿ ಮುರಿದ ಅಚ್ಚು ಕ್ಷಮೆಗೆ ಕಾರಣ. ನಮ್ಮ ಕಾಲದ ಕಾನೂನು, ಅಚ್ಚು ಏಕೆ ಮುರಿಯಿತು ಎಂದು ಕೇಳಲು ಕಲಿತಿದೆ. ಈ ಒಂದು ಪ್ರಶ್ನೆಯನ್ನು ಕೇಳಲು ಮೋಟಾರು ಬಂದ ಮೇಲೂ ಬಹಳ ವರ್ಷ ಹಿಡಿಯಿತು. ಅಮೆರಿಕೆಯಲ್ಲೇ ವಾಹನದ ಕಟ್ಟೋಣಕ್ಕೆ ರಾಷ್ಟ್ರೀಯ ಸುರಕ್ಷತಾ ನಿಯಮಗಳು ಬೇಕೆಂಬ ಕಾಯಿದೆ ಆದದ್ದು 1966ರಲ್ಲಿ. ಅಲ್ಲಿಯವರೆಗೆ ಎಲ್ಲರ ಬೆರಳೂ ಚಾಲಕನ ಕಡೆಗೇ. ಆ ಕಾಯಿದೆಯನ್ನು ಜಾರಿಗೆ ತರಲು ನೇಮಕಗೊಂಡ ಮೊದಲ ಮುಖ್ಯಸ್ಥ ವಿಲಿಯಂ ಹ್ಯಾಡನ್ ವೃತ್ತಿಯಿಂದ ವೈದ್ಯ. ವೈದ್ಯನ ಕಣ್ಣಿಗೆ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡವು: ಡಿಕ್ಕಿ ಏಕಾಯಿತು ಎಂಬುದು ಒಂದು, ಮನುಷ್ಯ ಏಕೆ ಸತ್ತ ಎಂಬುದು ಇನ್ನೊಂದು. ಪಾಲೆಂನಲ್ಲಿ ಬಸ್ಸು ಕಟ್ಟೆಗೆ ಬಡಿದದ್ದು ಚಾಲಕನ ಅವಸರದಿಂದ ಇರಬಹುದು. 45 ಜನ ಸತ್ತದ್ದು ಬಡಿತದಿಂದಲ್ಲ. ಒಡೆದ ಟ್ಯಾಂಕಿನಿಂದ, ಹೊಗೆಯಿಂದ, ನಿದ್ದೆಗಣ್ಣಿನಲ್ಲಿ ಬಾಗಿಲು ಸಿಗದೆ. ಅವಸರವನ್ನು ಮನುಷ್ಯ ಸ್ವಭಾವದಿಂದ ಕಿತ್ತು ಹಾಕಲು ಯಾವ ಸರ್ಕಾರಕ್ಕೂ ಆಗದು. ಟ್ಯಾಂಕಿಗೆ ಕವಚ ಹಾಕಿಸುವುದು ಆಗುತ್ತದೆ.

ನಮ್ಮ ದೇಶದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1914ರಲ್ಲಿ ಮೊದಲ ಕಾಯಿದೆ, 1939ರಲ್ಲಿ ಎರಡನೆಯದು. ಅದು ಐವತ್ತು ವರ್ಷ ನಡೆಯಿತು. 1988ರಲ್ಲಿ ಆದ ಈಗಿನ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂತು. ವಾಹನದ ಕಟ್ಟೋಣ ಹೇಗಿರಬೇಕೆಂದು ನಿಯಮ ಮಾಡುವ ಅಧಿಕಾರ ಅದರ 110ನೆಯ ಕಲಮಿನಿಂದ ಕೇಂದ್ರ ಸರ್ಕಾರಕ್ಕಿದೆ. ಕಾಯಿದೆ ಹಳೆಯದಾದರೂ ನಿಯಮಗಳನ್ನು ಕಾಲಕಾಲಕ್ಕೆ ತಿದ್ದುತ್ತಾ ಹೋಗಬಹುದು. 2015ರ ಅಕ್ಟೋಬರಿನಿಂದ ಬಸ್ಸು ಲಾರಿಗಳಿಗೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿ ಯಂತ್ರ ಬಂತು. ಬಸ್ಸಿನ ಮೈಕಟ್ಟಿಗೆ ಎ.ಐ.ಎಸ್.-052 ಎಂಬ ಸಂಹಿತೆಯಿದೆ, ಮಲಗುವ ಬಸ್ಸಿಗೆ ಎ.ಐ.ಎಸ್.-119 ಎಂದು ಬೇರೆಯೇ ಇದೆ. 2022ರ ಜನವರಿಯಲ್ಲಿ ದೂರ ಪ್ರಯಾಣದ ಬಸ್ಸುಗಳಿಗೂ ಶಾಲಾ ಬಸ್ಸುಗಳಿಗೂ, ಜನ ಕೂರುವ ಭಾಗದಲ್ಲೇ, ಬೆಂಕಿಯ ಎಚ್ಚರಿಕೆ ಗಂಟೆ ಮತ್ತು ಬೆಂಕಿ ತಡೆಯುವ ವ್ಯವಸ್ಥೆ ಇರಬೇಕೆಂದು ಅಧಿಸೂಚನೆ ಹೊರಟಿತು. ಎಂಜಿನಿನ ಬೆಂಕಿಗಿಂತ, ಒಳಗೆ ತುಂಬುವ ಕಾವು ಮತ್ತು ಹೊಗೆ ಜನರನ್ನು ಕೊಲ್ಲುತ್ತದೆ, ಹೊರಗೆ ಬರಲು ಇನ್ನಷ್ಟು ನಿಮಿಷ ಸಿಕ್ಕರೆ ಬದುಕುತ್ತಾರೆ ಎಂಬ ತಿಳಿವಳಿಕೆ ಆ ಅಧಿಸೂಚನೆಯ ಹಿಂದಿತ್ತು. ಆ ತಿಳಿವಳಿಕೆ ನಮಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಯಿತು, ನಿಯಮ ಬಂತು. ಯಾವ ಬಸ್ಸಿಗೆ? ಹೊಸದಾಗಿ ತಯಾರಾಗುವ ಬಸ್ಸಿಗೆ. ಅದಕ್ಕೆ ಮುಂಚೆ ರಸ್ತೆಗಿಳಿದ ಬಸ್ಸುಗಳು ತಮ್ಮ ಆಯುಸ್ಸು ಮುಗಿಯುವವರೆಗೆ ಓಡುತ್ತವೆ. ನಮಗೆ ಸಿಕ್ಕುವ ಸುರಕ್ಷತೆ, ನಾವು ಕೊಟ್ಟ ಹಣವನ್ನಾಗಲಿ ನಮ್ಮ ಎಚ್ಚರವನ್ನಾಗಲಿ ಅವಲಂಬಿಸಿಲ್ಲ. ಕಾರ್ಖಾನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಅವಲಂಬಿಸಿದೆ.

ಇದು ನಮ್ಮ ದೇಶದ ವೈಶಿಷ್ಟ್ಯವೇನಲ್ಲ. ಅಮೆರಿಕೆಯ ಕೆಂಟಕಿ ರಾಜ್ಯದ ಕ್ಯಾರೊಲ್ಟನ್ ಎಂಬ ಊರಿನ ಬಳಿ 1988ರ ಮೇ 14ರ ರಾತ್ರಿ, ಒಂದು ಚರ್ಚಿನ ಮಕ್ಕಳು ಮನೋರಂಜನಾ ಉದ್ಯಾನವೊಂದಕ್ಕೆ ಹೋಗಿ ಹಿಂತಿರುಗುತ್ತಿದ್ದರು. ಬಸ್ಸು ಹಿಂದೆ ಶಾಲೆಯೊಂದರದು, ಆಮೇಲೆ ಚರ್ಚು ಕೊಂಡದ್ದು. ಕುಡಿದು ತಪ್ಪು ದಿಕ್ಕಿನಲ್ಲಿ ಬಂದವನೊಬ್ಬನ ವಾಹನ ಎದುರಿನಿಂದ ಗುದ್ದಿತು. ಗುದ್ದಿದ ಪೆಟ್ಟಿಗೆ ಬಸ್ಸಿನಲ್ಲಿ ಯಾರೂ ಸಾಯಲಿಲ್ಲ. ಆದರೆ ಪೆಟ್ರೋಲ್ ಟ್ಯಾಂಕು ತೂತಾಗಿ, ಮುಂದಿನ ಬಾಗಿಲ ಬಳಿಯೇ ಬೆಂಕಿ ಎದ್ದು, 67 ಜನರಲ್ಲಿ 27 ಜನ ಬೆಂಕಿ ಹೊಗೆಗಳಿಗೆ ಬಲಿಯಾದರು. ಅವರಲ್ಲಿ 24 ಮಂದಿ ಮಕ್ಕಳು, ಹದಿಹರೆಯದವರು. ಶಾಲಾ ಬಸ್ಸಿನ ಟ್ಯಾಂಕು ಇಂಥ ಪೆಟ್ಟಿಗೆ ಸೋರದಂತೆ ರಕ್ಷಣೆ ಹೊಂದಿರಬೇಕೆಂಬ ನಿಯಮ ಅಲ್ಲಿ 1977ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಈ ಬಸ್ಸಿನ ಚಾಸಿ ತಯಾರಾದದ್ದು ಅದೇ ವರ್ಷದ ಮಾರ್ಚ್ ಕೊನೆಯ ದಿನಗಳಲ್ಲಿ. ಕೆಲವೇ ದಿನಗಳ ಅಂತರ. ನಿಯಮವನ್ನು ಯಾರೂ ಮುರಿಯಲಿಲ್ಲ. ಹನ್ನೊಂದು ವರ್ಷ ಕಾಲ ಆ ಬಸ್ಸು ಸಂಪೂರ್ಣ ಕಾನೂನುಬದ್ಧವಾಗಿ, ರಕ್ಷಣೆಯಿಲ್ಲದ ಟ್ಯಾಂಕು ಹೊತ್ತು ಮಕ್ಕಳನ್ನು ಸಾಗಿಸಿತು.

ಚೀನದಲ್ಲಿ ಇನ್ನೂ ಕಠಿಣ ಕ್ರಮ ಕೈಗೊಂಡರು. 2011ರ ಜುಲೈಯಲ್ಲಿ ಹೆನಾನ್ ಪ್ರಾಂತದಲ್ಲಿ ಮಲಗುವ ಬಸ್ಸೊಂದು ಉರಿದು 41 ಜನ ಸತ್ತರು. 2012ರ ಮಾರ್ಚ್‌ನಿಂದ ಹೊಸ ಮಲಗುವ ಬಸ್ಸುಗಳ ನೋಂದಣಿಯನ್ನೇ ನಿಲ್ಲಿಸಿಬಿಟ್ಟರು. ಹಳೆಯವು ಓಡುತ್ತಲೇ ಇದ್ದವು. ಅದೇ ವರ್ಷ ಆಗಸ್ಟಿನಲ್ಲಿ ಯಾನಾನ್ ಎಂಬಲ್ಲಿ ಹಾಗೆ ಓಡುತ್ತಿದ್ದ ಒಂದು ಬಸ್ಸು ಟ್ಯಾಂಕರಿಗೆ ಗುದ್ದಿ 36 ಜನ ಸತ್ತರು.

ಈ ಅನ್ಯಾಯವನ್ನು ನಾವು ನಮ್ಮ ಸೋದರಳಿಯನ ಮುಂದೆ ಆವೇಶದಿಂದ ವರ್ಣಿಸಿದೆವು. ಅವನು ಬೀದರಿನಲ್ಲಿ ಎರಡು ಬಸ್ಸು ಇಟ್ಟುಕೊಂಡು ಮದುವೆಗೆ, ಯಾತ್ರೆಗೆ ಬಾಡಿಗೆಗೆ ಬಿಡುತ್ತಾನೆ. ಸುಮ್ಮನೆ ಕೇಳಿದ. ಚಹಾದ ಲೋಟ ಕೆಳಗಿಟ್ಟು ಹೇಳಿದ:

"ಮಾಮಾ, ನೀವು ಹೇಳೂದು ಖರೇ ಅದ. ಆದ್ರ ನಾ ಬಸ್ ತಗೊಂಡಾಗ ಸರಕಾರದವ್ರೇ ನೋಡಿ ಪಾಸ್ ಮಾಡಿ ಕೊಟ್ಟಾರ. ಅವತ್ತು ಸರಿ ಇದ್ದದ್ದು ಇವತ್ತು ಹ್ಯಾಂಗ ತಪ್ಪು ಆತು? ಬ್ಯಾಂಕಿನ ಸಾಲ ಇನ್ನೂ ಮುಗಿದಿಲ್ಲ. ಎಲ್ಲಾ ಬದ್ಲಿ ಮಾಡು ಅಂದ್ರ ಬಾಡಿಗಿ ಏರಸ್ಬೇಕು. ಏರಿಸಿದ್ರ ನಮ್ಮ ಮಂದಿ ಏನ್ ಮಾಡ್ತಾರ ಗೊತ್ತದ? ಹೆಂಡ್ತಿ ಮಕ್ಕಳನ್ನ ಮೋಟರ್ ಸೈಕಲ್ ಮ್ಯಾಲ ಕೂಡಿಸ್ಕೊಂಡು ಹೊಂಡ್ತಾರ. ಅದರಾಗ ಸಾಯೂದು ಚಲೋನು?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಬಸ್ಸನ್ನು ದುಬಾರಿ ಮಾಡಿ ಬಡವನನ್ನು ಬೈಕಿನ ಮೇಲೆ ಕೂರಿಸಿದರೆ ಅದು ಸುರಕ್ಷತೆಯ ಹೆಸರಿನಲ್ಲಿ ಮಾಡಿದ ಕೊಲೆಯಾದೀತು. ಊರಿನ ಎಲ್ಲ ಬಸ್ಸುಗಳನ್ನೂ ಒಂದೇ ರಾತ್ರಿಯಲ್ಲಿ ನಿಲ್ಲಿಸಿ ಎನ್ನುವವರು ತಾವು ಕಾರಿನಲ್ಲಿ ಓಡಾಡುವವರೇ ಆಗಿರುತ್ತಾರೆ, ಗಮನಿಸಿ ನೋಡಿ.

ಆದರೆ ಅವನ ಮೊದಲ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಅವತ್ತು ಸರಿ ಇದ್ದದ್ದು ಇವತ್ತು ಹೇಗೆ ತಪ್ಪಾಯಿತು? ಯೋಚಿಸುತ್ತಾ ಹೋದಾಗ ನಮ್ಮ ಊರಿನ ಹಳೆಯ ಮನೆಯ ಹಿತ್ತಿಲ ಬಾವಿ ಕಣ್ಣ ಮುಂದೆ ಬಂತು. ಮುತ್ತಜ್ಜ ತೋಡಿಸಿದ ಬಾವಿ, ಕಟ್ಟೆಯಿರಲಿಲ್ಲ. ಆಗ ಊರಿನಲ್ಲಿ ಯಾರ ಬಾವಿಗೂ ಕಟ್ಟೆಯಿರಲಿಲ್ಲ, ಮುತ್ತಜ್ಜನನ್ನು ಯಾರೂ ತಪ್ಪಿತಸ್ಥನೆನ್ನಲಾರರು. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯ ಬಾವಿಗೆ ಎರಡು ವರ್ಷದ ಮಗು ಬಿತ್ತು. ಮರುವಾರವೇ ನಮ್ಮ ಅಜ್ಜ ಕಲ್ಲು ತರಿಸಿ ಕಟ್ಟೆ ಕಟ್ಟಿಸಿದ. ನಮ್ಮ ಬಾವಿ ಆ ಮಗು ಬೀಳುವುದಕ್ಕಿಂತ ಮುಂಚಿನದು, ಇನ್ನು ಮುಂದೆ ತೋಡುವ ಬಾವಿಗೆ ಕಟ್ಟೆ ಕಟ್ಟಿಸೋಣ ಎಂದು ಅವನು ಹೇಳಿದ್ದರೆ ಊರವರು ಏನೆನ್ನುತ್ತಿದ್ದರು? ಬಾವಿ ಬದಲಾಗಿರಲಿಲ್ಲ. ಅಜ್ಜನಿಗೆ ತಿಳಿದಿದ್ದ ವಿಷಯ ಬದಲಾಗಿತ್ತು.

ಅಳಿಯನ ಬಸ್ಸೂ ಹಾಗೆಯೇ. ಅದನ್ನು ಕೊಂಡದ್ದರಲ್ಲಿ ಅವನ ತಪ್ಪಿಲ್ಲ. ಪಾಸು ಮಾಡಿದ ಅಧಿಕಾರಿಯದೂ ಇಲ್ಲದಿರಬಹುದು. ಆದರೆ ತಪ್ಪಿಲ್ಲದಿರುವುದು ಬೇರೆ, ಹೊಣೆಯಿಲ್ಲದಿರುವುದು ಬೇರೆ. ಹಿಂದೆ ಕೊಂಡದ್ದಕ್ಕೆ ಅವನನ್ನು ಯಾರೂ ಶಿಕ್ಷಿಸುವಂತಿಲ್ಲ. ಇಂದು ರಾತ್ರಿ ಅದನ್ನು ಓಡಿಸುವುದಕ್ಕೆ, ಇಂದು ಏನು ತಿಳಿದಿದೆಯೋ ಅದರ ಪ್ರಕಾರವೇ ಉತ್ತರ ಹೇಳಬೇಕು. ಕಾನೂನಿಗೆ ಜಾರಿಯ ದಿನಾಂಕವೆಂದು ಒಂದಿರಲೇಬೇಕು, ಇಲ್ಲವಾದರೆ ವ್ಯವಹಾರ ನಡೆಯದು. ತಿಳಿವಳಿಕೆಗೆ ಅಂಥ ದಿನಾಂಕವಿಲ್ಲ. ತಿಳಿದ ಗಳಿಗೆಯಿಂದಲೇ ಅದು ನಮ್ಮ ಬೆನ್ನೇರುತ್ತದೆ.

ಹಾಗಾದರೆ ಖರ್ಚು? ಇಲ್ಲಿ ನಮಗೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯೆನಿಸುವುದಿಲ್ಲ. ಹಳೆಯ ಬಸ್ಸಿಗೆ ಹೊಸ ಬೆಂಕಿ ನಿವಾರಕ ವ್ಯವಸ್ಥೆ ಕೂಡಿಸುವುದು ಲಕ್ಷದ ಮಾತು. ಅದಕ್ಕೆ ಕಾಲಾವಕಾಶ ಕೊಡಬೇಕು, ಪಾಸು ಮಾಡಿ ತೆರಿಗೆ ಪಡೆದ ಸರ್ಕಾರವೂ ಸಾಲದಲ್ಲೋ ತೆರಿಗೆಯಲ್ಲೋ ಕೈಗೂಡಿಸಬೇಕು, ಪ್ರಯಾಣಿಕನೂ ನಾಲ್ಕು ಕಾಸು ಹೆಚ್ಚು ಕೊಡಲು ಗೊಣಗಬಾರದು. ಆದರೆ ಮೂಟೆ ಇಳಿಸುವುದಕ್ಕೆ ಎಷ್ಟು ಖರ್ಚು? ತಂತಿ ಬಿಚ್ಚುವುದಕ್ಕೆ? ಒಂದು ಮೊನಚು ಸುತ್ತಿಗೆಗೆ? ತುರ್ತು ಬಾಗಿಲಿಗೆ ಅಡ್ಡವಾಗಿ ಕೂಡಿಸಿದ ಒಂದು ಹೆಚ್ಚುವರಿ ಹಾಸಿಗೆಯನ್ನು ಕಿತ್ತರೆ ದಿನಕ್ಕೆ ಒಂದು ಟಿಕೀಟು ಹೋಗುತ್ತದೆ, ನಿಜ. ಆ ಒಂದು ಟಿಕೀಟಿನ ಲಾಭಕ್ಕೆ ಉಳಿದವರೆಲ್ಲರ ದಾರಿಯನ್ನು ಮಾರುವ ಹಕ್ಕು ಯಾರಿಗೂ ಎಂದೂ ಇರಲಿಲ್ಲ. ನೋಂದಣಿಯಾದ ಮೇಲೆ ವಾಹನದ ಸ್ವರೂಪವನ್ನು ಮನ ಬಂದಂತೆ ಬದಲಿಸಬಾರದೆಂದು ಅದೇ 1988ರ ಕಾಯಿದೆಯ 52ನೆಯ ಕಲಮಿನಲ್ಲಿದೆ. ಕರ್ನೂಲಿನ ಬಸ್ಸು ಮೊದಲು ಕೂರುವ ಬಸ್ಸಾಗಿದ್ದು ಆಮೇಲೆ ಮಲಗುವ ಬಸ್ಸಾಗಿತ್ತೆಂದು ಪತ್ರಿಕೆಗಳು ಬರೆದವು. ಅಂಥ ಕಡೆ ಹೊಸ ನಿಯಮ ಬೇಕಾಗಿಯೇ ಇಲ್ಲ.

ಅರ್ಹತಾ ಪತ್ರದ ತಪಾಸಣೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ. ತಪಾಸಣೆಯ ದಿನ ಹಿಂದಿನ ಬಾಗಿಲಿನ ಮುಂದೆ ಮೂಟೆ ಇರುವುದಿಲ್ಲ. ಉಳಿದ ರಾತ್ರಿಗಳಲ್ಲಿ ಅದನ್ನು ನೋಡುವವರು ನಾವು ಮಾತ್ರ.

ಇನ್ನೊಂದು ಮಾತು. ಔಷಧದ ಸೀಸೆಯ ಮೇಲೆ ತಯಾರಾದ ತಾರೀಖು ಇರುತ್ತದೆ, ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ. ಬಸ್ಸಿನ ಟಿಕೀಟಿನ ಮೇಲೆ ಏಕಿರಬಾರದು? ಹವಾನಿಯಂತ್ರಿತವೇ, ಕಂಬಳಿ ಕೊಡುತ್ತಾರೆಯೇ, ನೀರಿನ ಬಾಟಲಿ ಉಂಟೇ ಎಂದೆಲ್ಲ ಅಚ್ಚು ಹಾಕುತ್ತಾರೆ. ಈ ಬಸ್ಸು ಇಂಥ ವರ್ಷದ್ದು, 2022ರ ಬೆಂಕಿ ನಿಯಮಕ್ಕೆ ಮುಂಚಿನದು ಅಥವಾ ಅನಂತರದ್ದು ಎಂದು ಒಂದು ಸಾಲು ಅಚ್ಚು ಹಾಕಿಸಲು ಸರ್ಕಾರಕ್ಕೆ ಎಷ್ಟು ಹೊತ್ತು? ಹಳೆಯ ಬಸ್ಸಿಗೆ ಬಿನಾಯಿತಿ ಕೊಡುವುದಾದರೆ ಕೊಡಲಿ; ಅದನ್ನು ಹತ್ತುವವನಿಗೆ ತಿಳಿಸಿ ಕೊಡಲಿ. ಆಗಲಾದರೂ ಮನುವಿನ ಆ ನೂರು ಪಣ ನಮಗೆ ಅನ್ವಯಿಸಬಹುದು.

ಸತ್ತ ಮೇಲಿನ ಲೆಕ್ಕದಲ್ಲಿ ಮಾತ್ರ ನಮ್ಮ ಕಾನೂನು ತಡವಾಗಿಯಾದರೂ ತನ್ನನ್ನು ತಿದ್ದಿಕೊಳ್ಳುತ್ತಾ ಬಂದಿದೆ. ಯಾರ ತಪ್ಪೆಂದು ಸಾಬೀತು ಮಾಡದೆಯೇ ಕೊಡಬೇಕಾದ ಪರಿಹಾರವೆಂದು 1982ರಲ್ಲಿ ಸಾವಿಗೆ 15,000 ರೂಪಾಯಿ ಗೊತ್ತುಪಡಿಸಿದರು. ಅದು 1988ರ ಕಾಯಿದೆಯಲ್ಲಿ 25,000, 1994ರಲ್ಲಿ 50,000, 2019ರ ತಿದ್ದುಪಡಿಯಲ್ಲಿ 5 ಲಕ್ಷವಾಯಿತು. ತಪ್ಪು ಯಾರದೇ ಇರಲಿ, ಹೊಣೆ ಹೊರಬೇಕು ಎಂಬ ತತ್ತ್ವವನ್ನು ನಾವು ಹೆಣದ ವಿಷಯದಲ್ಲಿ 1982ರಲ್ಲೇ ಒಪ್ಪಿದ್ದೇವೆ. ಬದುಕಿರುವವರ ವಿಷಯದಲ್ಲಿ ಒಪ್ಪಲು ಏಕೆ ಇಷ್ಟು ಚೌಕಾಸಿ?

ಇಷ್ಟೆಲ್ಲ ಬರೆಯುವ ಹುರುಪಿನಲ್ಲಿರುವಾಗಲೇ ನಮ್ಮ ಸಂಘದ ವಾರ್ಷಿಕ ಪ್ರವಾಸದ ವಿಚಾರ ಕಾರ್ಯಕಾರಿ ಸಮಿತಿಯ ಮುಂದೆ ಬಂತು. ಈ ಸಲ ಬಸವಕಲ್ಯಾಣ, ಹುಮನಾಬಾದು. ಪ್ರತಿ ವರ್ಷವೂ ನಮ್ಮ ಅಳಿಯನ ಬಸ್ಸೇ ಬರುವುದು. ಸಂಬಂಧಿಕನೆಂದು ಅಗ್ಗಕ್ಕೆ ಕೊಡುತ್ತಾನೆ. ಹೊಸ ಬಸ್ಸಿನವರೊಬ್ಬರನ್ನು ವಿಚಾರಿಸಿದರೆ ತಲೆಗೆ 180 ರೂಪಾಯಿ ಹೆಚ್ಚು ಬೀಳುತ್ತದೆ. ಸಭೆಯಲ್ಲಿ ಒಂದು ಕ್ಷಣ ಎಲ್ಲರೂ ನಮ್ಮ ಮುಖ ನೋಡಿದರು. ಪಿಂಚಣಿಯಲ್ಲಿ ಬದುಕುವ ಹಿರಿಯ ಸದಸ್ಯೆಯೊಬ್ಬರು, ನಾವು ಮೂರು ಜನ, ಅಷ್ಟಾದರೆ ಬರುವುದಿಲ್ಲ ಬಿಡಿ ಎಂದರು. ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದರು, ಅದೇ ಕಷ್ಟವಾಯಿತು. ಅಳಿಯನ ಬಸ್ಸು ಬೇಡವೆಂದರೆ ಮನೆಯಲ್ಲಿ ಮುನಿಸು. ಇರಲೆಂದರೆ ಇಷ್ಟು ದಿನ ಆಡಿದ್ದೆಲ್ಲ ಬರಿಯ ಮಾತು. ಲಕಡಿಕಾಪೂಲಿನ ರಾತ್ರಿಯಂತೆಯೇ ನಾವು ಸುಮ್ಮನೆ ಕುಳಿತೆವು. ಕೊನೆಗೆ ನಮ್ಮ ಮನೆಯವರೇ, ಬಸ್ಸನ್ನು ಒಮ್ಮೆ ನೋಡಿ ಬಂದು ತೀರ್ಮಾನಿಸಬಾರದೇ ಎಂದರು.

ಭಾನುವಾರ ಬೆಳಿಗ್ಗೆ ಅಳಿಯ ಬಸ್ಸು ತಂದು ಸಂಘದ ಕಟ್ಟಡದ ಮುಂದೆ ನಿಲ್ಲಿಸಿದ. ತೊಳೆದು, ಮಾವಿನ ಸೊಪ್ಪು ಕಟ್ಟಿ ತಂದಿದ್ದ. ಟೈರು ಹೊಸದಾಗಿತ್ತು, ಬ್ರೇಕು ಚೆನ್ನಾಗಿತ್ತು. ಸುತ್ತಿಗೆ ನಾಲ್ಕು ಇರಬೇಕಾದಲ್ಲಿ ಒಂದು ಇತ್ತು. ಆಮೇಲೆ ಹಿಂದಿನ ಬಾಗಿಲು ತೆರೆಯಪ್ಪಾ ಎಂದೆವು. ಅವನು ಹಿಡಿ ಎಳೆದ, ಬರಲಿಲ್ಲ. ಡ್ರೈವರ್ ಹೊರಗಿನಿಂದ ಎಳೆದ. ಎಣ್ಣೆ ಬಿಟ್ಟರು, ಸ್ಪ್ಯಾನರಿನಿಂದ ಬಡಿದರು, ಸಂಘದ ಇಬ್ಬರು ಯುವಕರು ಒಳಗಿನಿಂದ ಭುಜ ಕೊಟ್ಟರು. ನಮ್ಮ ಖಜಾಂಚಿಗಳು ಗಡಿಯಾರ ನೋಡುತ್ತಿದ್ದರು. ಬಾಗಿಲು ತೆರೆದಾಗ ಹನ್ನೊಂದು ನಿಮಿಷವಾಗಿತ್ತು.

ಅಳಿಯ ಕೈಗೆ ಹತ್ತಿದ ತುಕ್ಕನ್ನು ಪಂಚೆಯ ತುದಿಗೆ ಒರೆಸಿಕೊಳ್ಳುತ್ತಾ ಬಹಳ ಹೊತ್ತು ಆ ಬಾಗಿಲನ್ನೇ ನೋಡುತ್ತಾ ನಿಂತ. ನಮ್ಮ ಮುಖ ನೋಡಲಿಲ್ಲ. "ಮಾಮಾ, ಹೋದ ಸಲ ನಿಮ್ಮನ್ನೆಲ್ಲಾ ಇದರಾಗೇ ಕರ್ಕೊಂಡು ಹೋಗಿದ್ದೆ" ಎಂದ. ಮುಂದಿನ ಐತವಾರ ಮತ್ತೆ ತರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ ಎಂದು ಹೇಳಿ, ತಿಂಡಿಗೂ ನಿಲ್ಲದೆ ಬಸ್ಸು ಹೊರಡಿಸಿಕೊಂಡು ಹೋದ.